ಕತ್ತಿಲ್ಲದ ನವಿಲು

ಆಗ ನನಗೆ ಹದಿನೆಂಟು. ಎಪ್ಪತ್ತು ವರ್ಷದ ಹಿಂದಿನ ಮಾತು. ಚಾಮರಾಜನಗರದ ರೇಷ್ಮೆ ಮಗ್ಗದ ಮನೆಯಲ್ಲಿ ನಾನೂ ನನ್ನ ಅತ್ತೆಯೂ ಕಸ ಗುಡಿಸುತ್ತಿದ್ದೆವು. ಒಂದು ದಿನ ಸೀರೆಯ ಸೆರಗಿನಲ್ಲಿ ಕತ್ತೇ ಇಲ್ಲದ ನವಿಲು ಬಂತು.

ನೇಯುವ ಸಿದ್ದಪ್ಪ ಮಗ್ಗ ನಿಲ್ಲಿಸಿ ಮೇಲೆ ನೋಡಿದ. ಅಲ್ಲಿ ಸಾಲಾಗಿ ಪೋಣಿಸಿದ್ದ ರಟ್ಟಿನ ಪಟ್ಟಿಗಳಲ್ಲಿ ಒಂದಷ್ಟರ ತೂತುಗಳು ಮುಚ್ಚಿಹೋಗಿದ್ದವು. ಹಿಂದಿನ ಸಂಜೆ ಗುಡಿಸುವಾಗ ಕೈಗೆಟುಕಿದಷ್ಟನ್ನು ಮುಚ್ಚಿದವಳು ನನ್ನ ಅತ್ತೆ.

"ಇಲಿ ಕಡ್ದವೆ ಅಂದ್ಕಂಡು ಮೆತ್ಬುಟ್ಟೆ ಕಣಪ್ಪ. ಮೊರಕ್ಕೂ ಇಂಗೇ ಮೆಂತ್ಯ, ಕಾಗ್ದ ಅರ್ದು ಮೆತ್ತದು," ಅಂದಳು.

"ಮೊರ ಅಲ್ಲ ಕಣವ್ವ ಇದು! ತೂತಿದ್ರೆ ಎಳೆ ಮೇಲಕ್ಕೇಳ್ತದೆ, ಇಲ್ದಿದ್ರೆ ಏಳಕ್ಕಿಲ್ಲ. ಮಗ್ಗಕ್ಕೆ ಗೊತ್ತಿರದು ಅಷ್ಟೇಯ."

ಮಾಲೀಕ ಬಂದವನೇ ನಾಳೆಯಿಂದ ಇಬ್ಬರೂ ಬರಬೇಡಿ ಅಂದ. ಮನೆಯಲ್ಲಿ ದುಡಿಯುವವರು ನಾವಿಬ್ಬರೇ. ಅತ್ತೆ ಪೊರಕೆಯನ್ನು ಮೂಲೆಗಿಟ್ಟಳು.

ಸಿದ್ದಪ್ಪ ಸಣ್ಣ ಸಣ್ಣ ಚೌಕಗಳ ಗೆರೆ ಎಳೆದ ಒಂದು ಕಾಗದ ತಂದು ಬಿಡಿಸಿದ. ಅದರಲ್ಲಿ ಬೇಕಾದ ಚೌಕಗಳಲ್ಲಷ್ಟೇ ಚುಕ್ಕಿಯಿಟ್ಟು ಬರೆದ ನವಿಲು ಕತ್ತಿನ ಸಮೇತ ಇತ್ತು. ಅಕ್ಷರ ಬಾರದ ನನಗೂ ಅದು ನವಿಲು ಅಂತ ಗೊತ್ತಾಯಿತು. ಕಾಗದ ಮನುಷ್ಯರಿಗೆ, ರಟ್ಟು ಮಗ್ಗಕ್ಕೆ.

"ಇದ ನೋಡ್ಕಂಡು ಚುಕ್ಕಿ ಇರೋ ಕಡೆ ತಿರ್ಗಾ ತೂತು ಮಾಡ್ಬೋದು ಸಾಮಿ. ಅವರೇ ಕುಂತ್ಕಂಡು ಮಾಡ್ಲಿ ಬುಡಿ," ಅಂದ. ಮಾಲೀಕ ಗೊಣಗಿಕೊಂಡೇ ಒಪ್ಪಿದ.

ಮೆತ್ತಿದ್ದು ಒಣಗಿ ಕಲ್ಲಾಗಿತ್ತು, ಎಲ್ಲಿ ತೂತಿತ್ತು ಅಂತಲೇ ತಿಳಿಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಸಿದ್ದಪ್ಪ ಚೌಕ ನೋಡಿ "ತೂತು, ತೂತು, ಬುಡು, ತೂತು" ಅನ್ನುತ್ತಾ ಹೋದ. ಅತ್ತೆ ರಟ್ಟು ಹಿಡಿದುಕೊಂಡಳು. ನಾನು ದಬ್ಬಳದಲ್ಲಿ ಚುಚ್ಚುತ್ತಾ ಕೂತೆ.