ಪಿಳ್ಳಪ್ಪನವರ ಹಲಸಿನ ಪೆಟ್ಟಿಗೆಗಳು

ಕಳೆದ ತಿಂಗಳು ನಮ್ಮ ಮೇಲಿನ ಮನೆಯವರು ದೇವರ ಕೋಣೆಗೆ ಬಾಗಿಲು ಮಾಡಿಸಿದರು. ನಮ್ಮದು ಕೆ.ಆರ್. ಪುರದ ಫ್ಲಾಟು; ಮೇಲೆ ಕೊಯ್ದದ್ದು ಕೆಳಗೆ ಬೀಳುತ್ತದೆ. ಬಾಲ್ಕನಿಯಲ್ಲಿ ಒಣಗಲು ಹಾಕಿದ್ದ ನನ್ನ ಬನಿಯನ್ನುಗಳ ಮೇಲೆಲ್ಲ ಅರಿಶಿನದ ಪುಡಿಯಂಥ ಮರದ ಹೊಟ್ಟು. ನನ್ನ ಹೆಂಡತಿ ಸರೋಜ ಮೇಲಿನವರಿಗೆ ಕೇಳಿಸಲಿ ಅಂತಲೇ ಜೋರಾಗಿ ಬಟ್ಟೆ ಕೊಡವುತ್ತಿದ್ದಳು. ನಾನು ಒಂದು ಬನಿಯನ್ನು ಎತ್ತಿ ಮೂಸಿದೆ. ಹಲಸಿನ ಮರ. ಸಂಶಯವೇ ಇಲ್ಲ.

“ಏನ್ರೀ ಅದು, ಒಗೆದಿರೋ ಬನಿಯನ್ನ ಮೂಸ್ತಾ ನಿಂತಿದೀರಾ?” ಅಂದಳು.

ಅವಳಿಗೆ ಏನೂ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಹಲಸೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತ, ಜೋಗುಪಾಳ್ಯದಲ್ಲಿ ಬಾಡಿಗೆ ಮನೆ. ಆಗ ನನಗೆ ಸಂಗೀತದ ಹುಚ್ಚು. ಹಾಡಲು ಬರುವುದಿಲ್ಲ, ರಾಗ ಗುರುತಿಸಲೂ ಬರುವುದಿಲ್ಲ. ಆದರೆ ಕಣ್ಣು ಮುಚ್ಚಿ ತಲೆದೂಗುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮನೆಯ ಸ್ಟೀರಿಯೋದ ಸ್ಪೀಕರು ಮೃದಂಗ ಬಂದಾಗಲೆಲ್ಲ ಗುಂಯ್ ಅನ್ನುತ್ತಿತ್ತು. ಒಂದು ದಿನ ಕೌಂಟರಿನಲ್ಲಿ ಕೂತು ಪಕ್ಕದವರ ಹತ್ತಿರ ಇದನ್ನೇ ಗೋಳಾಡುತ್ತಿದ್ದಾಗ ಎದುರಿಗೆ ಪಾಸ್‌ಬುಕ್ ಹಿಡಿದು ನಿಂತಿದ್ದವರು, “ಸ್ಪೀಕರ್ ಸರಿಯಾಗೇ ಇರ್ತದೆ ಸಾರ್. ಪೆಟ್ಟಿಗೆ ಅಲ್ಲಾಡ್ತಿರ್ತದೆ” ಅಂದರು.

ಅವರೇ ಪಿಳ್ಳಪ್ಪ. ಬಾಣಸವಾಡಿಯ ಹಳೇ ಒಕ್ಕಲು ಮನೆತನ. ಹೊಲ ಲೇಔಟಾಗಿ ಹೋಗಿತ್ತು. ಇವರು ಕಾರ್ಖಾನೆಯೊಂದರಲ್ಲಿ ಎರಕಕ್ಕೆ ಬೇಕಾದ ಮರದ ಅಚ್ಚು ಮಾಡುತ್ತಿದ್ದವರು, ನಿವೃತ್ತರಾಗಿದ್ದರು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಬ್ಬಿಣ ಹಾಳು ಅನ್ನುವಂಥ ಕೆಲಸದಲ್ಲಿ ಮೂವತ್ತು ವರ್ಷ ಪಳಗಿದ ಕೈ. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ಪೀಕರಿನ ಪೆಟ್ಟಿಗೆ ಮಾಡುತ್ತಿದ್ದರು. ಯಾರಿಗೂ ಅಲ್ಲ, ತಮ್ಮ ಪಾಡಿಗೆ.

ನನಗೊಂದು ಜೋಡಿ ಮಾಡಿಕೊಡಿ ಎಂದು ಗಂಟುಬಿದ್ದೆ. ಮುಂದಿನ ಭಾನುವಾರ ಟೇಪು ಹಿಡಿದು ಮನೆಗೇ ಬಂದರು. ನನ್ನನ್ನು ಮಾಮೂಲಿ ಕುರ್ಚಿಯಲ್ಲಿ ಕೂರಿಸಿ ನೆಲದಿಂದ ಕಿವಿಯವರೆಗೆ ಅಳತೆ ತೆಗೆದುಕೊಂಡರು. ಸರೋಜ ಅಡುಗೆಮನೆಯಿಂದ ಇಣುಕಿ, “ಕತ್ತಿನ ಸುತ್ತಳತೆ ಬೇಡ್ವಾ?” ಅಂದಳು. ಅವರು ನಗಲಿಲ್ಲ. “ಪೆಟ್ಟಿಗೇಲಿರೋ ಸಣ್ಣ ಸ್ಪೀಕರು ಕಿವಿ ನೇರಕ್ಕೆ ಬರ್ಬೇಕಮ್ಮ. ಸಾರು ಕುಗ್ಗಿ ಕೂತ್ಕೋತಾರೆ, ಅದ್ನೂ ಲೆಕ್ಕಕ್ಕೆ ತಗೋಬೇಕು” ಅಂದರು. ಆವತ್ತಿನಿಂದ ನಾನು ನೆಟ್ಟಗೆ ಕೂರಲು ಹೋಗಿಲ್ಲ.

ಆ ಶೆಡ್ಡಿಗೆ ನಾನು ಎಷ್ಟು ಭಾನುವಾರ ಹೋದೆನೋ. ಲೇಔಟಿಗಾಗಿ ಉರುಳಿಸಿದ ಅವರ ಹೊಲದ ಹಲಸಿನ ಮರ ಅಲ್ಲಿ ಹಲಗೆಗಳಾಗಿ ಏಳು ವರ್ಷ ಒಣಗಿತ್ತು. ಎರಡು ಪೆಟ್ಟಿಗೆಯ ಮುಖಕ್ಕೂ ಒಂದೇ ಹಲಗೆ ಸೀಳಿ, ಪುಸ್ತಕ ಬಿಚ್ಚಿಟ್ಟ ಹಾಗೆ ಎಡಕ್ಕೊಂದು ಬಲಕ್ಕೊಂದು ಕೂರಿಸಿದರು. ಮರದ ಗೆರೆಗಳು ಒಂದನ್ನೊಂದು ನೋಡುತ್ತಿದ್ದವು. ಪಕ್ಕದ ಹಲಗೆಗಳು ಹಿಂದಕ್ಕೆ ಹೋದಂತೆ ಚೂರು ಒಳಸರಿಯುತ್ತಿದ್ದವು. ಯಾಕೆ ಅಂದೆ. “ಗೋಡೆ ಎದುರುಬದುರು ಇದ್ರೆ ಸದ್ದು ಅಲ್ಲೇ ಚೆಂಡಾಡ್ತದೆ ಸಾರ್, ಹೊರಗ್ ಬರಕ್ಕಿಲ್ಲ.” ಒಳಗೆ ಅಡ್ಡಪಟ್ಟಿಗಳು, ಹಳೇ ಕಂಬಳಿಯ ತುಂಡುಗಳು. ಒಂದೂ ಮೊಳೆಯಿಲ್ಲ. ಗಾಳಿ ಹೋಗುವ ಹಿಂದಿನ ತೂತು ಕೂಡ ಮಡಕೆಯ ಬಾಯಿಯಂತೆ ನುಣ್ಣಗೆ ಹೊರಳಿತ್ತು. ಯಾರೂ ನೋಡದ ಕಡೆಗೆ ಇಷ್ಟೊಂದು ಯಾಕೆ ಅಂದರೆ, “ಗಾಳಿ ನೋಡ್ತದಲ್ಲ” ಅಂದರು.

ಮುಗಿದ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ತೋರಿಸಿದರು. ಮಂಕಾದ ಸದ್ದು. “ಮಡಕೆ ಠಣ್ ಅಂದ್ರೆ ಒಳ್ಳೇ ಮಡಕೆ. ಪೆಟ್ಟಿಗೆ ಠಣ್ ಅಂದ್ರೆ ಕೆಟ್ಟ ಪೆಟ್ಟಿಗೆ. ಹಾಡೋದು ಹಾಡೋರ್ ಕೆಲ್ಸ ಸಾರ್, ಪೆಟ್ಟಿಗೆ ಬಾಯ್ ಮುಚ್ಕೊಂಡಿರ್ಬೇಕು.” ಮುಖದ ಕೆಳಮೂಲೆಯಲ್ಲಿ ಕಡಲೆಬೇಳೆಯಷ್ಟು ಚಿಕ್ಕದಾಗಿ ‘ಪಿ’ ಅಂತ ಕೆತ್ತಿದ್ದರು. ಅವರ ಜಂಭ ಅಂತ ಇದ್ದದ್ದು ಅಷ್ಟೇ.

ಮನೆಗೆ ತಂದು ಹಚ್ಚಿದಾಗ, ಹಾಡುವಾಕೆ ಪಲ್ಲವಿಗೆ ಮುಂಚೆ ಉಸಿರೆಳೆದುಕೊಂಡದ್ದು ಕೇಳಿಸಿತು. ವರ್ಷಗಟ್ಟಲೆ ಕೇಳಿದ ಕ್ಯಾಸೆಟ್ಟು. ಆಕೆಗೆ ಉಸಿರಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ನನಗೆ ಮೆರೆಯುವ ಚಪಲ. ಕಾಲೇಜು ಗೆಳೆಯ ಪ್ರಕಾಶನನ್ನು ಕರೆದು ಕೇಳಿಸಿದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ರಸ್ತೆಯಲ್ಲಿ ಅವನದು ವಿದೇಶಿ ಸ್ಟೀರಿಯೋಗಳ ಅಂಗಡಿ. ಕೇಳಿದವನೇ ದಂಗಾದ. ಅಂಗಡಿಗೊಂದು ಜೋಡಿ ಬೇಕೆಂದ. ಪಿಳ್ಳಪ್ಪನವರಿಗೆ ಮನಸ್ಸಿರಲಿಲ್ಲ. “ನಾಲ್ಕು ಜನ ಕೇಳ್ಲಿ, ನಿಮ್ಮ ಹೆಸರು ಗೊತ್ತಾಗ್ಲಿ” ಎಂದು ಒಪ್ಪಿಸಿದವನು ನಾನೇ. ನಾಲ್ಕು ತಿಂಗಳು ಕೂತು, ನನ್ನವಕ್ಕಿಂತ ಚೆನ್ನಾಗಿ ಮಾಡಿಕೊಟ್ಟರು.

ಹತ್ತು ದಿನಕ್ಕೆ ಪ್ರಕಾಶ ಬ್ಯಾಂಕಿಗೆ ಫೋನು ಮಾಡಿದ. “ಮಗಾ, ಬಾಣಸವಾಡಿ ಮಾಲು ಅಂದ್ರೆ ಯಾರು ತಿರುಗಿ ನೋಡ್ತಾರೆ? ಒಂದು ಫಾರಿನ್ ಹೆಸರು ಹಾಕ್ತೀನಿ. ಡೆನ್ಮಾರ್ಕ್ ಅಂತೀನಿ. ಸೌಂಡ್ ಅದೇ ತಾನೇ?”

ನಾನು ಏನಂದೆ ಗೊತ್ತೇ? “ನಿನ್ನಿಷ್ಟ ಗುರು” ಅಂದೆ. ಕೌಂಟರಿನಲ್ಲಿ ಜನ ನಿಂತಿದ್ದರು ಎಂದು ಬಹಳ ಕಾಲ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ.

ಒಂದು ಭಾನುವಾರ ಬೆಳಗ್ಗೆ ಅಂಗಡಿಯಲ್ಲಿ ಗಿರಾಕಿಗಳಿಗೆ ಕೇಳಿಸುವ ಕಾರ್ಯಕ್ರಮವಿತ್ತು; ನಾನೂ ಹೋಗಿದ್ದೆ. ಪಿಳ್ಳಪ್ಪನವರಿಗೆ ಹೇಗೋ ತಿಳಿದು, ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದೇಬಿಟ್ಟರು. ಹೆಂಡತಿ ಅಕ್ಕಯ್ಯಮ್ಮನವರೂ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಇಬ್ಬರೂ ಹಿಂದೆ ಗೋಡೆಗೆ ಒತ್ತಿ ನಿಂತರು. ಮುಂದೆ ಪ್ರಕಾಶ ಇಂಗ್ಲಿಷಿನಲ್ಲಿ ಡೆನ್ಮಾರ್ಕಿನ ಕುಶಲಕರ್ಮಿಗಳ ಬಗ್ಗೆ ಮಾತಾಡುತ್ತಿದ್ದ. ಇಂದಿರಾನಗರದ ಹಿರಿಯರೊಬ್ಬರು ಪೆಟ್ಟಿಗೆಯ ಅಂಚು ಸವರಿ, “ನೋಡ್ರೀ ಫಿನಿಶಿಂಗು. ನಮ್ಮೋರ ಕೈಲಿ ಇದೆಲ್ಲ ಆಗೋ ಮಾತಲ್ಲ” ಅಂದರು.

ಪಿಳ್ಳಪ್ಪ ಮುಂದೆ ಬಂದು ಬಗ್ಗಿದರು. ‘ಪಿ’ ಇದ್ದ ಜಾಗದ ಮೇಲೆ ಹಿತ್ತಾಳೆಯ ಪಟ್ಟಿ ಅಂಟಿಸಿತ್ತು. ಅದರತ್ತ ಕೈ ಚಾಚಿದರು.

“ಮುಟ್ಬೇಡಿ ಯಜಮಾನ್ರೇ, ಇಂಪೋರ್ಟೆಡ್ ಮಾಲು” ಅಂದ ಅಂಗಡಿಯ ಸೇಲ್ಸ್‌ಮನ್.

ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ, ಈಗ ಹೇಳ್ತಾರೆ, ಇನ್ನೇನು ಹೇಳ್ತಾರೆ ಅನ್ನುವ ನೋಟ. ಪ್ರಕಾಶನೂ ನನ್ನನ್ನೇ ನೋಡುತ್ತಿದ್ದ. ಇವರೇ ಮಾಡಿದ್ದು ಅನ್ನಲು ಎರಡು ಪದ ಸಾಕಿತ್ತು. ನಾನು ಕೈಯಲ್ಲಿದ್ದ ಸಿ.ಡಿ.ಯ ಡಬ್ಬಿಯ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳನ್ನು ಬಹಳ ಶ್ರದ್ಧೆಯಿಂದ ಓದಿದೆ. ತಲೆಯೆತ್ತಿದಾಗ ಗೋಡೆಯ ಹತ್ತಿರ ಯಾರೂ ಇರಲಿಲ್ಲ.

ಮುಂದಿನ ವಾರ ಬಾಣಸವಾಡಿಗೆ ಹೋದೆ. ಪಿಳ್ಳಪ್ಪ ಎಂದಿನಂತೆ ಕೂರಿಸಿ ಮಾತಾಡಿಸಿದರು: ನೀರಿನ ತಾಪತ್ರಯ, ರೈಲ್ವೆ ಗೇಟು. ಸ್ಪೀಕರಿನ ಮಾತು ಮಾತ್ರ ಇಲ್ಲ. ಶೆಡ್ಡಿನಲ್ಲಿ ಉಳಿಗಳು ಎಣ್ಣೆ ಹಚ್ಚಿಸಿಕೊಂಡು ಬಟ್ಟೆ ಸುತ್ತಿಕೊಂಡು ಮಲಗಿದ್ದವು. ಪ್ರಕಾಶ ಇನ್ನೆರಡು ಜೋಡಿ ಕೇಳಿದ್ದನಂತೆ, ಆಗಲ್ಲ ಅಂದರಂತೆ. ನಾನು ಕ್ಷಮೆ ಕೇಳಲಿಲ್ಲ. ಅವರೇ ಏನೂ ಅನ್ನದಿರುವಾಗ ನಾನೇಕೆ ಕೆದಕಲಿ ಅನ್ನುವ ಜಾಣತನ. ಆಮೇಲೆ ಬೇರೆ ಊರಿಗೆ ವರ್ಗವಾಯಿತು. ವರ್ಗ ಎಷ್ಟು ಒಳ್ಳೆಯ ನೆಪ ಎಂಬುದು ಬ್ಯಾಂಕಿನವರಿಗೇ ಗೊತ್ತು.

ಕಳೆದ ತಿಂಗಳು, ಆ ಬನಿಯನ್ನು ಮೂಸಿದ ಮರುದಿನ ಬಾಣಸವಾಡಿಗೆ ಹೋದೆ. ಹನ್ನೊಂದು ವರ್ಷವಾಗಿತ್ತು. ಶೆಡ್ಡಿದ್ದಲ್ಲಿ ಮೂರಂತಸ್ತಿನ ಬಾಡಿಗೆ ಮನೆಗಳು. ಬಾಗಿಲು ತೆಗೆದವರು ಅಕ್ಕಯ್ಯಮ್ಮ. ಹಣೆ ನೋಡಿಯೇ ತಿಳಿಯಿತು.

“ಎರಡು ವರ್ಷ ಆಯ್ತು” ಅಂದರು. “ಬನ್ನಿ, ಕೂತ್ಕಳಿ.”

ಕಾಫಿ ತಂದಿಟ್ಟರು. ನಾನು, “ಆವತ್ತು ಅಂಗಡೀಲಿ ನಾನು ಹೇಳ್ಬೇಕಿತ್ತು ಅಮ್ಮ” ಅಂದೆ.

“ಹೇಳ್ಬೇಕಿತ್ತು.”

ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ ಅವರೇ ಅಂದರು: “ಅವ್ರು ನಿಮ್ಮನ್ನ ಒಂದಿನಾನೂ ಬೈಲಿಲ್ಲ. ಸ್ನೇಹಿತನ ಮುಂದೆ ಹೆಂಗ್ ಹೇಳ್ತಾರೆ ಪಾಪ, ಅನ್ನೋರು. ನಾನು ಬೈದಿದೀನಿ. ಉಳಿ ಮುಟ್ದೆ ಜಗಲಿ ಮೇಲೆ ಕೂತಿರೋದನ್ನ ನೋಡ್ದಾಗೆಲ್ಲ ಬೈದಿದೀನಿ. ಈಗ್ಲೂ ಬೈತೀನಿ. ಕಾಫಿ ಕುಡೀರಿ, ಆರೋಗ್ತದೆ.”

ಕುಡಿದೆ. ಕ್ಷಮೆ ಕೇಳಲು ಹೋಗಿದ್ದೇನೆ ಅಂದುಕೊಂಡಿದ್ದೆ. ವಾಪಸ್ಸು ಬಸ್ಸಿನಲ್ಲಿ ಕೂತಾಗ ಗೊತ್ತಾಯಿತು: ‘ಹೋಗ್ಲಿ ಬಿಡಿ’ ಅನ್ನಿಸಿಕೊಳ್ಳಲು ಹೋಗಿದ್ದೆ. ಆಕೆ ಅನ್ನಲಿಲ್ಲ. ಅನ್ನದಿದ್ದದ್ದೇ ಸರಿ.

ಆ ಸಂಜೆ ಸರೋಜಳಿಗೆ ಮೊದಲ ಸಲ ಎಲ್ಲವನ್ನೂ ಹೇಳಿದೆ. ಅವಳು ಹಾಲ್‌ನಲ್ಲಿದ್ದ ಆ ಎರಡು ಪೆಟ್ಟಿಗೆಗಳನ್ನು ತುಂಬ ಹೊತ್ತು ನೋಡಿದಳು.

“ಇಷ್ಟು ವರ್ಷ ಇದರ ಮುಂದೆ ಹೆಂಗ್ರೀ ಕೂತಿದ್ರಿ?” ಅಂದಳು.

“ಕೂತಿದ್ದೆ” ಅಂದೆ. “ಚೆನ್ನಾಗಿ ಕೇಳಿಸ್ತಿತ್ತು.”