ಅಕ್ಕನ ದನಿ

ಟಿವಿಯಲ್ಲಿ ಕೆಲಸ ಎಂದೊಡನೆ ಜನ ನನ್ನ ಮುಖವನ್ನೊಮ್ಮೆ ದಿಟ್ಟಿಸಿ, ಎಲ್ಲೂ ಕಂಡ ನೆನಪಾಗದೆ ಸುಮ್ಮನಾಗುತ್ತಾರೆ. ನಾನು ಸೌಂಡ್ ಇಂಜಿನಿಯರ್. ಮಾತಾಡುವವರ ಕಾಲರಿಗೆ ಮೈಕು ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕೂರುವವನು. ಸದ್ದು ಚೆನ್ನಾಗಿದ್ದರೆ ನಾನು ಯಾರಿಗೂ ಬೇಡ. ಕೆಟ್ಟರೆ ಇಡೀ ರಾಯಚೂರಿಗೆ ನನ್ನ ಹೆಸರು ಗೊತ್ತಾಗುತ್ತದೆ. ಇಷ್ಟು ಸೂಕ್ಷ್ಮ ಕಿವಿಯವನಿಗೆ ಹೆಂಡತಿ ಕರೆದದ್ದು ಒಮ್ಮೆಗೇ ಕೇಳಿಸಿದ್ದಿಲ್ಲ ಎಂಬುದು ಬೇರೆ ಮಾತು.

ದೇವದುರ್ಗದ ಹತ್ತಿರ ಮಸರಕಲ್ಲಿನಲ್ಲಿ ನನ್ನ ಅಕ್ಕ ಶಾಂತವ್ವನ ಮನೆ. ಸೋಬಾನೆ ಪದಕ್ಕೆ ಊರಿಗೇ ಹೆಸರಾದವಳು. ಕೆಲವು ವರ್ಷಗಳ ಹಿಂದೆ ಚಾನೆಲ್ಲಿಗೆಂದು ಅವಳ ಹಾಡನ್ನು ನಾನೇ ರೆಕಾರ್ಡ್ ಮಾಡಿದ್ದೆ; ಟಿವಿಯಲ್ಲಿ ಬಂದಾಗ ಅವಳು ನೋಡಿರಲಿಲ್ಲ. ಹೋದ ವರ್ಷ ಅವಳ ಗಂಟಲಲ್ಲಿ ಗಡ್ಡೆ ಬೆಳೆಯಿತು. ಆಪರೇಷನ್ನಿಗೆ ಮುಂಚೆಯೇ ಡಾಕ್ಟರು ಹೇಳಿದ್ದರು: ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಜೀವ ಉಳಿಯಿತು.

ಗಾಯ ಮಾಗಿದ ಮೇಲೆ ಆ ಹಳೆಯ ರೆಕಾರ್ಡಿಂಗ್ ಹುಡುಕಿ, ಅವಳ ಮನೆಗೆ ಒಯ್ದು, ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿದೆ. ಅಕ್ಕ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕಿದಳು. ಹಾಡು ಮುಗಿದಾಗ ಪಕ್ಕದಲ್ಲಿದ್ದ ತನ್ನ ಸೊಸೆಗೆ ಕೈಸನ್ನೆಯಲ್ಲಿ ಏನೋ ಕೇಳಿದಳು.

ಸೊಸೆ ನನ್ನ ಕಡೆ ತಿರುಗಿದಳು. "ಮಾವಾ, ಭಾಳ ಚೊಲೊ ಹಾಡ್ಯಾಳ, ಯಾವೂರಾಕಿ ಅಂತ ಕೇಳಾಕತ್ತಾಳ್ರೀ."

ನಮ್ಮ ದನಿ ನಮಗೆ ತಲೆಯ ಎಲುಬಿನ ಮೂಲಕವೂ ಕೇಳಿಸುತ್ತದೆ. ಹೊರಗಿನಿಂದಷ್ಟೇ ಬಂದರೆ ಪರರದೆನಿಸುತ್ತದೆ. ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರರೊಬ್ಬರು ತಮ್ಮ ಸಂದರ್ಶನ ಕೇಳಿ "ಇದು ನನ್ನ ದನಿ ಅಲ್ಲೇ ಅಲ್ಲ" ಎಂದು ಜಗಳಕ್ಕೆ ನಿಂತಾಗ ಇದನ್ನೆಲ್ಲ ನಗುನಗುತ್ತಾ ವಿವರಿಸಿದ್ದೆ. ಈಗ ಸೊಸೆಯ ಮುಖ ನೋಡಿದೆ.

"ಅತ್ತಿ, ಅದು ನಿಂದ ದನಿ ಬೇ!" ಎಂದಳು ಸೊಸೆ. ಅಕ್ಕ ತಲೆಯಾಡಿಸಿದಳು, ಅಲ್ಲ ಎಂದು.

ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. ಹಾಡಿನ ನಂತರದ್ದು, ಟಿವಿಯಲ್ಲಿ ಬಾರದ ಭಾಗ. ನಾನು ಹೆಡ್‌ಫೋನಿನ ವೈರು ಕಿತ್ತೆ. ಸ್ಪೀಕರಿನಿಂದ ಅಕ್ಕನ ದನಿ ಮನೆ ತುಂಬ ಕೇಳಿಸಿತು: "ಸಾಕು ಮಾಡಲೇ ತಮ್ಮಾ, ಉಣ್ಣಾಕ ಬಾ! ರೊಟ್ಟಿ ಆರಾಕತ್ತಾವ!"

ಅಕ್ಕನ ಕೈ ಕೊರಳಿಗೆ ಹೋಯಿತು. ಆಮೇಲೆ ಅತ್ತಳು. ಸದ್ದೇ ಇಲ್ಲದ ಅಳುವನ್ನು ನಾನು ಕಂಡದ್ದು ಅದೇ ಮೊದಲು. ಎಷ್ಟು ಸಣ್ಣ ಸದ್ದನ್ನೂ ಹಿಡಿಯುವ ನನ್ನ ಮೈಕುಗಳು ಅಲ್ಲಿ ನಿರುಪಯೋಗಿ.

ಹಾಡನ್ನು ಅವಳು ಮತ್ತೆ ಕೇಳಲಿಲ್ಲ. ಆ ಗದರಿಕೆಯನ್ನಷ್ಟೇ ಮೊಬೈಲಿಗೆ ಹಾಕಿಸಿಕೊಂಡಳು.

ಮೊನ್ನೆ ಮಸರಕಲ್ಲಿಗೆ ಹೋದಾಗ ಅಂಗಳದಲ್ಲಿ ನಿಂತು ಆಫೀಸಿನವರೊಡನೆ ಫೋನಿನಲ್ಲಿ ವಾದಿಸುತ್ತಿದ್ದೆ. ಅಡುಗೆಮನೆಯಿಂದ ಅಕ್ಕ ಕರೆದಳು: "ಸಾಕು ಮಾಡಲೇ ತಮ್ಮಾ, ಉಣ್ಣಾಕ ಬಾ!" ಫೋನಿಟ್ಟು, ಕೈ ತೊಳೆದುಕೊಂಡು ಒಳಗೆ ಹೋಗಿ ಕೂತೆ.

ರೊಟ್ಟಿ ಬಿಸಿಯಾಗಿಯೇ ಇದ್ದವು.