ಸಜ್ಜಕದ ಲೆಕ್ಕ

ನನಗೆ ನಾಯಿಗಳೆಂದರೆ ಅಷ್ಟಕ್ಕಷ್ಟೆ. ಅಂಗಳದಲ್ಲಿರಲಿ, ಹೊತ್ತಿಗೊಂದು ರೊಟ್ಟಿ ತಿನ್ನಲಿ, ಗುರುತಿಲ್ಲದವರು ಬಂದರೆ ಬೊಗಳಲಿ. ಅದಕ್ಕಿಂತ ಹೆಚ್ಚಿನ ನಂಟು ನನಗೆ ಬೇಕಿಲ್ಲ. ನಾಯಿಯನ್ನು ಸೋಫಾದ ಮೇಲೆ ಮಲಗಿಸಿಕೊಂಡು ‘ಬೇಟಾ’ ಎಂದು ಮಾತಾಡಿಸುವವರನ್ನು ಕಂಡರೆ ನನ್ನ ಹುಬ್ಬು ತಾನಾಗಿ ಮೇಲೇರುತ್ತದೆ. ಅಂಥ ನನ್ನ ಕೊರಳಿಗೇ ನಾಯಿ ಮಾರಾಟದ ಕಾನೂನನ್ನು ಓದಿ ಹೇಳುವ ಕೆಲಸ ಬಿತ್ತು. ಆಳಂದದ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೆ ಪೌರನೀತಿ ಕಲಿಸಿದ ತಪ್ಪಿಗೆ, ಮನೆಯಲ್ಲಿ ಯಾವ ಸರ್ಕಾರಿ ಕಾಗದ ಬಂದರೂ ನನಗೇ ಫೋನು ಬರುತ್ತದೆ.

ಈ ಸಲ ಫೋನು ಮಾಡಿದವನು ತಮ್ಮ. ಅವನು ಅಫಜಲಪುರದಲ್ಲಿ ಅಂಗಡಿ ಇಟ್ಟುಕೊಂಡಿದ್ದಾನೆ. ಅಂಗಡಿಯ ಹಿಂದೆಯೇ ಮನೆ; ಅವ್ವ ಅವನ ಜೊತೆಗಿದ್ದಾಳೆ. ಮೊದಲು ದನಗಳ ಹಿಂಡಿ, ಬೂಸಾ ಮಾರುತ್ತಿದ್ದ. ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಬಣ್ಣದ ಮೀನು ಬಂದವು. ಮೀನಿನ ಹಿಂದೆ ಉದ್ದ ಕೂದಲಿನ ಬೆಕ್ಕು, ಬೆಕ್ಕಿನ ಹಿಂದೆ ಕಂದು ಬಣ್ಣದ ಒಂದು ಹೆಣ್ಣು ಲ್ಯಾಬ್ರಡಾರ್. ಅದರ ಮರಿಗಳಿಗೆ ಜೇವರ್ಗಿಯಿಂದ, ಹವಳಗಾ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನಿಂದ ಜನ ಬರತೊಡಗಿದ ಮೇಲೆ ಹಿಂಡಿಯ ಚೀಲಗಳು ಮೂಲೆ ಸೇರಿದವು.

ಅವ್ವನಿಗೆ ಈ ವ್ಯಾಪಾರ ಮೊದಲಿನಿಂದ ಸೇರಲಿಲ್ಲ. ಭೀಮಾ ದಂಡೆಯ ನಮ್ಮ ಹಳ್ಳಿಯಲ್ಲಿ ಯಾರೂ ನಾಯಿಮರಿ ಮಾರುತ್ತಿರಲಿಲ್ಲ, ಹಾಗೆಂದು ಪುಕ್ಕಟೆಯಾಗಿಯೂ ಕೊಡುತ್ತಿರಲಿಲ್ಲ. ಮರಿ ಒಯ್ಯುವವರು ಬಾಣಂತಿಯ ಪಾಲೆಂದು ಒಂದಿಷ್ಟು ಬೆಲ್ಲ, ಗೋಧಿ ರವೆ ತರಬೇಕು. ಅದರಲ್ಲಿ ಅವ್ವ ಸಜ್ಜಕ ಮಾಡಿ, ಆರಿಸಿ, ತಾಯಿನಾಯಿಯ ಮುಂದಿಡುತ್ತಿದ್ದಳು. ಅದು ತಿನ್ನುವಾಗ ಮರಿಯನ್ನು ಒಮ್ಮೆ ಅದರ ಮೂಗಿಗೆ ಹಿಡಿದು ತೋರಿಸಿಯೇ ಒಯ್ಯಬೇಕು. ತಾಯಿಯ ಕಣ್ಣು ತಪ್ಪಿಸಿ ಒಯ್ದ ಮರಿ ಮನೆ ಕಾಯುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

ಅಫಜಲಪುರದ ಅಂಗಡಿಯಲ್ಲೂ ಅವ್ವ ಈ ಪದ್ಧತಿ ಬಿಡಲಿಲ್ಲ. ಜೇವರ್ಗಿಯ ಗುತ್ತಿಗೆದಾರರೊಬ್ಬರು ಮೊದಲ ಸಲ ಮರಿ ಒಯ್ಯಲು ಬಂದಾಗ ಬಾಗಿಲಿಗೆ ಬಂದು ಕೇಳಿದಳಂತೆ, “ಬೆಲ್ಲ ತಂದೀರೇನ್ರಿ?” ಮುದುಕಿ ಖುಷಿಗೆ ಏನೋ ಕೇಳುತ್ತಿದ್ದಾಳೆಂದು ತಿಳಿದ ಆ ಪುಣ್ಯಾತ್ಮರು ಜೇಬಿನಿಂದ ನೋಟು ತೆಗೆದು, “ತಗೋರಿ ಅವ್ವಾರ” ಎಂದರು. ಅವ್ವ ಆ ನೋಟನ್ನು ಅವರ ಕಾರಿನ ಸೀಟಿನ ಮೇಲಿಟ್ಟು ಬಂದಳು. “ರೊಕ್ಕ ನಾಯಿ ತಿಂತದೇನ್ರಿ?” ಎಂದಳು. ಕೊನೆಗೆ ಅವರ ಡ್ರೈವರ್ ಎದುರಿನ ಕಿರಾಣಿ ಅಂಗಡಿಯಿಂದ ಬೆಲ್ಲ ತಂದ ಮೇಲೆಯೇ ಮರಿ ಕಾರು ಹತ್ತಿದ್ದು. ತಮ್ಮ ಈ ಕಥೆಯನ್ನು ನಾಚಿಕೊಂಡು ಹೇಳುತ್ತಿದ್ದ, ನಾನು ನಕ್ಕು ನಕ್ಕು ಕೇಳಿಸಿಕೊಂಡಿದ್ದೆ.

ಆದರೆ ಕಳೆದ ಸಲದ ಮರಿಗಳ ಕಥೆ ನಗುವಂಥದ್ದಲ್ಲ. ಕಂದು ನಾಯಿ ಬಹಳ ಸೋತಿತ್ತು, ಹಾಲು ಸಾಲಲಿಲ್ಲ. ಹುಟ್ಟಿದ ಮರಿಗಳು ಒಂದೊಂದಾಗಿ ಹೋಗಿ ಒಂದೇ ಉಳಿಯಿತು. ಅವ್ವ ಅಮಾವಾಸ್ಯೆಗೆ ಘತ್ತರಗಿಯ ದೇವಿಯ ಗುಡಿಗೆ ಹೋಗಿದ್ದ ದಿನ ಅದೇ ಜೇವರ್ಗಿಯವರು ಮತ್ತೆ ಬಂದರು, ತಂಗಿಯ ಮನೆಗೊಂದು ಮರಿ ಬೇಕೆಂದು. ತಮ್ಮ ಆ ಒಂದನ್ನು ಎತ್ತಿಕೊಟ್ಟುಬಿಟ್ಟ. ಇನ್ನೂ ಹಾಲು ಬಿಡದ ಮರಿ. ರೊಟ್ಟಿಯ ಮಾತಿರಲಿ, ನೆಟ್ಟಗೆ ನೀರು ಕುಡಿಯಲೂ ಬರುತ್ತಿರಲಿಲ್ಲ. ಜೇವರ್ಗಿ ಮುಟ್ಟಿದ ಸ್ವಲ್ಪ ದಿನಕ್ಕೇ ಸತ್ತಿತು. ಅವರು ಸುಮ್ಮನಿರದೆ ದೂರು ಕೊಟ್ಟರು. ಒಬ್ಬ ಪಶುವೈದ್ಯರು ಅಂಗಡಿಗೆ ಬಂದು, ನಾಯಿ ಬೆಕ್ಕು ಸಾಕಿ ಮಾರುವುದಾದರೆ ನೋಂದಣಿ ಮಾಡಿಸಬೇಕು, ನಿಯಮದಂತೆ ನಡೆಯಬೇಕು, ಇಲ್ಲವಾದರೆ ನಿಲ್ಲಿಸಬೇಕು ಎಂದು ಸಮಾಧಾನವಾಗಿಯೇ ಹೇಳಿ, ನಿಯಮಗಳನ್ನು ತಮ್ಮನ ಮೊಬೈಲಿಗೆ ಕಳಿಸಿ ಹೋದರು.

“ಅಕ್ಕ, ಎಲ್ಲಾ ಇಂಗ್ಲಿಷಿನಾಗ ಅದ. ಜರಾ ಬಂದು ಓದಿ ಹೇಳು” ಎಂದ ತಮ್ಮ. ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ ಎನ್ನುವ ಗಾದೆ ಅವನಿಗೇ ಹೊಂದುತ್ತದೆ ಎಂದುಕೊಳ್ಳುತ್ತ ಬಸ್ಸು ಹತ್ತಿದೆ.

ಹಿತ್ತಲ ಪಡಸಾಲೆಯಲ್ಲಿ ಕುಳಿತೆವು. ಅವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವಳ ಕಾಲ ಬುಡದಲ್ಲಿ ಕಂದು ನಾಯಿ ಮಲಗಿತ್ತು. ಪಕ್ಕೆಲುಬು ಕಾಣುತ್ತಿದ್ದವು. ಮೊಲೆಗಳು ಜೋತುಬಿದ್ದು ನೆಲಕ್ಕೆ ತಾಗಿದ್ದವು. ನಾನು ಹೋದಾಗ ಎದ್ದು ಬಾಲ ಅಲ್ಲಾಡಿಸಲು ನೋಡಿ, ಅರ್ಧಕ್ಕೇ ಬೇಡವೆನಿಸಿದಂತೆ ಮತ್ತೆ ಮಲಗಿತು. ಅದನ್ನು ನೋಡಿ ನನಗೆ ತಮ್ಮನ ಮೇಲೆ ಸಿಟ್ಟು ಬಂತು. ಆದರೆ ಓದಲು ಕರೆದಿದ್ದನಲ್ಲ, ಓದಿದೆ.

ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ ಎಂದು ಬಂತು.

“ಅಂದ್ರ ರೊಟ್ಟಿ ತಿನ್ನೂತನ” ಎಂದಳು ಅವ್ವ. “ಇಷ್ಟಕ್ಕ ದಿಲ್ಲಿಯಿಂದ ಕಾಗದ ಬರಬೇಕಾತೇನು? ನಮ್ಮವ್ವ ಹೇಳತಿದ್ದಳು.”

ಬೆಕ್ಕಿನ ಮರಿಗೂ ಇದೇ ಮಾತು ಎಂದೆ. “ಬೆಕ್ಕು ತನ್ನ ಮರೀಗೆ ಏಳು ಮನಿ ತೋರಸ್ತದ. ಏಳೂ ಆಗೂತನ ತಡೀರಿ ಅಂತ ಬರೀಬೇಕಿತ್ತು” ಎಂದಳು. ರಸ್ತೆ ಬದಿಯಲ್ಲಿ, ಸಂತೆಯಲ್ಲಿ ಇಟ್ಟು ಮಾರಬಾರದು, ಗೂಡು ಮೈಯಾಡುವಷ್ಟು ದೊಡ್ಡದಿರಬೇಕು, ಕಾಯಿಲೆಯವನ್ನು ಬೇರೆ ಇಡಬೇಕು ಎಂದು ನಾನು ಓದುತ್ತ ಹೋದ ಹಾಗೆ ತಮ್ಮ ಅಂಗಡಿಯ ಕಡೆ ನೋಡುವುದೂ ತಲೆ ಕೆರೆದುಕೊಳ್ಳುವುದೂ ನಡೆದಿತ್ತು. ಅವ್ವ ಪ್ರತಿಯೊಂದಕ್ಕೂ ತೀರ್ಪು ಕೊಡುತ್ತಿದ್ದಳು. ನನ್ನ ತರಗತಿಯಲ್ಲಿ ಇಷ್ಟು ಗಮನವಿಟ್ಟು ಕೇಳಿದವರು ಯಾರೂ ಇರಲಿಲ್ಲ.

ಆಮೇಲೆ ಆ ಸಾಲು ಬಂತು. ಹೆಣ್ಣು ನಾಯಿಯಿಂದ ವರ್ಷಕ್ಕೆ ಒಂದು ಸೂಲಿಗಿಂತ ಹೆಚ್ಚು ಮರಿ ಹಾಕಿಸಬಾರದು. ಅದರ ಜನ್ಮದಲ್ಲಿ ಐದಕ್ಕಿಂತ ಹೆಚ್ಚು ಸೂಲು ಆಗಬಾರದು.

ಅವ್ವನ ಕೈ ಮೊರದಲ್ಲೇ ನಿಂತಿತು. “ಇನ್ನೊಮ್ಮಿ ಓದು ಬೇ” ಎಂದಳು.

ಓದಿದೆ. ಅವಳು ಮೊರ ಕೆಳಗಿಟ್ಟು ಒಂದೊಂದೇ ಬೆರಳು ಮಡಚತೊಡಗಿದಳು. ಒಂದು ಕೈ ಮುಷ್ಟಿಯಾಯಿತು. ಇನ್ನೊಂದು ಕೈ ಎತ್ತಿದಳು.

ತಮ್ಮ ಗಾಬರಿಯಾದ. “ಯವ್ವ, ಅಷ್ಟ ಎಲ್ಲಿ ಆಗ್ಯಾವ? ನಾಯೀದು ನಾಲ್ಕೇ.”

“ನಾ ನಾಯೀದು ಎಣಸಾಕತ್ತಿಲ್ಲ” ಎಂದಳು ಅವ್ವ.

ನಾನು ಫೋನು ಕೆಳಗಿಟ್ಟೆ. ನಾನು ಮತ್ತು ತಮ್ಮ, ಉಳಿದವರು ಇಬ್ಬರು. ನನಗಿಂತ ಮೊದಲು, ನಮ್ಮಿಬ್ಬರ ನಡುವೆ, ಅವನ ನಂತರವೂ ಕೂಸುಗಳು ಬಂದು ಹೋಗಿದ್ದವು ಎಂದು ಗೊತ್ತಿತ್ತು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅವ್ವ ಆ ಕೈಯ ಬೆರಳುಗಳನ್ನು ಎಲ್ಲಿಯವರೆಗೆ ಮಡಚಿದಳೋ ನಾನು ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ.

“ನಾಯೀಗೆ ಕಾನೂನ ಮಾಡ್ಯಾರ. ಚಲೋ ಆತು” ಎಂದಳು. ಆ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ಚಲೋ ಆಯಿತೆಂದೇ ಹೇಳಿದಳು.

ತಮ್ಮನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಐದಕ್ಕೆ ಅವಕಾಶವಿದ್ದರೆ ಇನ್ನೊಂದು ಬಾಕಿ ಇದೆ ಎಂದ. ಸೊಲ್ಲಾಪುರದವರೊಬ್ಬರು ಗಂಡು ನಾಯಿಯನ್ನು ಕರೆದುಕೊಂಡು ಮರುದಿನ ಬೆಳಿಗ್ಗೆ ಬರುವವರಿದ್ದರು. ಅದು ನನಗೆ ತಿಳಿದದ್ದೇ ಆಗ.

“ಐದು ಆಗಿ ಹೋಗ್ಯಾವಲ್ಲೋ” ಎಂದೆ. “ಕಡೀ ಸೂಲು ಆಗಿ ಆರು ತಿಂಗಳೂ ಆಗಿಲ್ಲ. ವರ್ಷಕ್ಕ ಒಂದೇ ಅಂತ ಈಗಷ್ಟೇ ಓದಿದೆ.”

“ಕಡೀದು ಲೆಕ್ಕಕ್ಕ ಬರಂಗಿಲ್ಲಕ್ಕ. ಮರಿ ಒಂದೂ ಉಳೀಲಿಲ್ಲಲ್ಲ. ಅವ್ವ ಸಜ್ಜಕನೂ ಮಾಡಿಲ್ಲ, ಬೇಕಾದ್ರ ಕೇಳು. ಡಾಕ್ಟರ್‌ಗೂ ನಾಲ್ಕೇ ಅಂತ ಹೇಳೀನಿ.”

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವನು ಇವನು ಎಂದುಕೊಂಡೆ. ಆದರೆ ಅವನ ಮುಖದಲ್ಲಿ ಕಪಟವಿರಲಿಲ್ಲ. ಉಳಿಯದಿದ್ದದ್ದು ಆಗಿಯೇ ಇಲ್ಲ ಎಂದು ಅವನು ಮನಸಾರೆ ನಂಬಿದ್ದ. ನಮ್ಮ ಮನೆಯಲ್ಲಿ ಬೆಳೆದವನು ಇನ್ನು ಹೇಗೆ ಎಣಿಸಬೇಕು?

ಅವ್ವ ನಾಯಿಯ ಬೆನ್ನ ಮೇಲೆ ಕೈಯಿಟ್ಟಳು. “ಮರಿ ಉಳೀಲಿಲ್ಲಂದ್ರ ಅಕಿ ಹಡದಿದ್ದು ಸುಳ್ಳೇನು?”

ತಮ್ಮ ನಾನು ಕೆಳಗಿಟ್ಟಿದ್ದ ಫೋನನ್ನು ಎತ್ತಿಕೊಂಡ.

“ಅಕಿ ಸಾಕು ಅಂದಾಳ. ನಾಳೆ ಬರೂದು ಬ್ಯಾಡಂತ ಆ ಮನಶ್ಯಾಗ ಹೇಳು.”

“ನಾಯಿ ಸಾಕು ಅಂತ ಯಾವಾಗ ಹೇಳ್ತವ್ವ? ಅದಕ್ಕ ಮಾತ ಬರ್ತದೇನು?”

“ನನಗ ಬರತಿತ್ತು” ಎಂದಳು ಅವ್ವ. “ಯಾರೂ ಕೇಳಲಿಲ್ಲ.”

ಅವನು ಎದ್ದು ಅಂಗಡಿಯ ಮುಂದೆ ಹೋಗಿ ಫೋನು ಹಚ್ಚಿದ. “ಬ್ಯಾಡ್ರಿ, ನಾಳೆ ಬರಬ್ಯಾಡ್ರಿ. ನಮ್ಮವ್ವ ಒಲ್ಲೆ ಅಂದಾಳ್ರಿ” ಎನ್ನುವುದು ಕೇಳಿಸಿತು. ಕಾನೂನಿನ ಹೆಸರನ್ನು ಅವನು ಎತ್ತಲಿಲ್ಲ. ನನ್ನ ಅಷ್ಟು ವರ್ಷದ ಪೌರನೀತಿಗೆ ಸಿಕ್ಕ ಮರ್ಯಾದೆ ಇದು ಎಂದು ಒಳಗೊಳಗೇ ನಗು ಬಂತು, ಸಮಾಧಾನವೂ ಆಯಿತು.

ಈ ಮಾತನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅವ್ವನಿಗೆ ಆ ಕಾನೂನಿನ ಅಗತ್ಯವಿರಲಿಲ್ಲ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಸೊಲ್ಲಾಪುರದವರು ಆ ಗಂಡು ನಾಯಿಯನ್ನು ಮರುದಿನ ಮನೆಯಲ್ಲೇ ಕಟ್ಟಿಹಾಕಿದರೆಂದು ನಾನು ನಂಬಿಲ್ಲ. ಇನ್ನೊಂದು ಊರಿಗೆ, ಇನ್ನೊಂದು ಅಂಗಡಿಗೆ ಹೋಗಿರುತ್ತಾರೆ. ಎಲ್ಲ ಅಂಗಡಿಗಳ ಹಿಂದೆ ಮೊರ ಹಿಡಿದು ಒಬ್ಬ ಅವ್ವ ಕುಳಿತಿರುವುದಿಲ್ಲ. ಇನ್ನೊಂದು ಮಾತೂ ಇದೆ. ಬೆಲ್ಲ, ರೊಟ್ಟಿ, ಏಳು ಮನೆ, ಇವೆಲ್ಲ ನಮ್ಮ ಪದ್ಧತಿಯಲ್ಲಿದ್ದವು. ‘ಸಾಕು’ ಎನ್ನುವುದೊಂದು ಇರಲಿಲ್ಲ. ಅದನ್ನು ಹೇಳಲು ಕಾಗದವೇ ಬರಬೇಕಾಯಿತು.

ತಮ್ಮ ಈಗ ನೋಂದಣಿ ಮಾಡಿಸಿದ್ದಾನೆ, ಗೊಣಗುತ್ತಲೇ. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಮೀನಿನ ಪೆಟ್ಟಿಗೆಯ ಮೇಲೆ ತೂಗುಹಾಕಿದ್ದಾನೆ. ಡಾಕ್ಟರರಿಗೆ ಐದು ಎಂದು ತಿದ್ದಿ ಹೇಳಿದ. ಮರಿಗಳಿಗಿಂತ ಹಿಂಡಿಯೇ ಮತ್ತೆ ಹೆಚ್ಚು ಹೋಗುತ್ತಿದೆ. ಕಂದು ನಾಯಿ ಪಡಸಾಲೆಯಲ್ಲೇ ಇದೆ. ಮೈ ತುಂಬಿಕೊಂಡಿದೆ. ಮೊನ್ನೆ ಹೋದಾಗ ನನ್ನ ಸೀರೆಯ ಸೆರಗು ಎಳೆಯಿತು, ಬೈದೆ.

ಹೇಳಬೇಕಾದದ್ದು ಇನ್ನೊಂದು ಉಳಿದಿದೆ. ಆ ದಿನ ಸಂಜೆ, ತಮ್ಮ ಫೋನು ಮಾಡಿ ಬಂದ ಮೇಲೆ, ಅವ್ವ ಅಡುಗೆಮನೆಗೆ ಹೋಗಿ ಗೋಧಿ ರವೆಯ ಡಬ್ಬಿ ತೆಗೆದಳು.

“ಈಗ ಯಾರ ಬಾಣಂತನ ಯವ್ವ?” ಎಂದೆ.

“ಅಕೀದೇ. ಕಡೀ ಸಲದ್ದು ಮಾಡಿರಲಿಲ್ಲಲ್ಲ.” ಬೆಲ್ಲದ ಹೆಂಟೆ ಕೈಯಲ್ಲಿ ಹಿಡಿದು ಒಲೆಯ ಕಡೆಗೇ ಮುಖ ಮಾಡಿ ಹೇಳಿದಳು, “ಕೂಸು ಉಳೀಲಿಲ್ಲಂದ್ರ ಸಜ್ಜಕ ಮಾಡಂಗಿಲ್ಲ ಅನ್ನೂದು ನಮ್ಮತ್ತಿ ಪದ್ಧತಿ. ಕೂಸಿಲ್ಲದಕೀಗೆ ಯಾತರ ಬಾಣಂತನ ಅಂತಿದ್ದರು. ಮೂರನೇ ದಿನಕ್ಕ ಹೊಲಕ್ಕ ಹೋಗತಿದ್ದೆ. ನಾನೂ ಅದೇ ಪದ್ಧತಿ ಈ ಮೂಕ ಪ್ರಾಣಿ ಮ್ಯಾಲೆ ನಡಸಿದೆ ನೋಡು.”

“ನಿನಗ ಎಷ್ಟ ಸಲ ಮಾಡಿದ್ದರು?”

“ಎರಡ ಸಲ” ಎಂದಳು. “ನಿನ್ನ ಹಡದಾಗ ಒಮ್ಮಿ, ಅವನ ಹಡದಾಗ ಒಮ್ಮಿ.”

ಅವಳ ಕೈಯಿಂದ ಬೆಲ್ಲ ತೆಗೆದುಕೊಂಡು ಅವಳನ್ನು ಮಣೆಯ ಮೇಲೆ ಕೂರಿಸಿದೆ. ಹೊಗೆಯೇ ಇಲ್ಲದ ಗ್ಯಾಸಿನ ಒಲೆಯ ಮುಂದೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಮುಚ್ಚಿಡಲು ಹೋಗಲಿಲ್ಲ. ರವೆ ಹುರಿದೆ, ಬೆಲ್ಲ ಕರಗಿಸಿದೆ. ಹೊಸ್ತಿಲಲ್ಲಿ ನಾಯಿ ಬಂದು ಕುಳಿತಿತ್ತು. ತುಪ್ಪ ಹಾಕಿ ಇಳಿಸಿ, ಮೊದಲ ತಟ್ಟೆಯನ್ನು ಅವ್ವನ ಮುಂದಿಟ್ಟೆ. ಆಮೇಲೆ ನಾಯಿಗೆ ಹಾಕಿದೆ.